ಇವತ್ತು ನಮ್ಮ ಜೊತೆ ಯಾವ ಮೇಡಂ? ನರ್ಸಿಂಗ್ ಮಕ್ಕಳ ಈ ಪ್ರಶ್ನೆಯ ಹಿಂದೆ ಏನಿದೆ

ಬೆಳಿಗ್ಗೆ ಏಳೂವರೆಗೆ ಮಂಗಳೂರಿನ ಸಿಟಿ ಬಸ್ ಹತ್ತಿದರೆ ಇವರು ಸಿಕ್ಕೇ ಸಿಗುತ್ತಾರೆ. ಇಸ್ತ್ರಿ ಹಾಕಿದ ಯೂನಿಫಾರ್ಮ್, ಬಿಗಿಯಾಗಿ ಕಟ್ಟಿದ ತುರುಬು, ಜೇಬಿನಲ್ಲಿ ಪುಟ್ಟ ಡೈರಿ, ಸೆಕೆಂಡ್ ಮುಳ್ಳಿರುವ ವಾಚು. ಅರ್ಧ ಜನ ತೂಕಡಿಸುತ್ತಿರುತ್ತಾರೆ, ಇನ್ನರ್ಧ ಜನ ಬಾಯಲ್ಲೇ ಏನೋ ಉರು ಹೊಡೆಯುತ್ತಿರುತ್ತಾರೆ. ಪರೀಕ್ಷೆಗೆ ಹೊರಟವರಲ್ಲ, ವಾರ್ಡ್ ಪೋಸ್ಟಿಂಗ್‌ಗೆ ಹೊರಟವರು. ಹಂಪನಕಟ್ಟೆ ಬರುವಷ್ಟರಲ್ಲಿ ಒಬ್ಬಳಾದರೂ ಕೇಳುತ್ತಾಳೆ: "ಇವತ್ತು ನಮ್ಮ ಜೊತೆ ಯಾವ ಮೇಡಂ?"

ನಾನೂ ನಾಲ್ಕು ವರ್ಷ ಆ ಪ್ರಶ್ನೆ ಕೇಳಿದವಳು. ಈಗ ಇದೇ ಊರಿನಲ್ಲಿ ಸ್ಟಾಫ್ ನರ್ಸ್. ಉತ್ತರ ಕೇಳಿದ ಕೂಡಲೇ ಹೊಟ್ಟೆಯಲ್ಲಿ ಏನಾಗುತ್ತಿತ್ತು ಅನ್ನೋದು ಇನ್ನೂ ನೆನಪಿದೆ. ಒಂದು ಹೆಸರು ಬಂದರೆ ಬಸ್ಸಿನಲ್ಲೇ ನಗು, ಇನ್ನೊಂದು ಹೆಸರು ಬಂದರೆ ಕಾಲು ಭಾರ. ವಾರ್ಡ್ ಅದೇ, ರೋಗಿಗಳು ಅವರೇ, ನಾವೂ ಅವರೇ. ಹಾಗಾದರೆ ಈ ಮೇಡಂ ಮತ್ತು ಆ ಮೇಡಂ ನಡುವೆ ಇರುವ ವ್ಯತ್ಯಾಸ ಏನು? "ಒಬ್ಬರು ಪಾಪ, ಇನ್ನೊಬ್ಬರು ಜೋರು" ಅಂತ ಸುಮ್ನೆ ಹೇಳಿ ಮುಗಿಸಬಹುದು. ಆದರೆ ವಿಷಯ ಅಷ್ಟು ಸರಳ ಅಲ್ಲ. (ಮೇಡಂ ಅಂತಲೇ ಬರೆಯುತ್ತೇನೆ. ಸರ್‌ಗಳೂ ಇದ್ದಾರೆ, ಬೇಜಾರು ಮಾಡಿಕೊಳ್ಳಬೇಡಿ.)

ಹೊರಗಿನವರಿಗೆ ಮೊದಲು ಒಂದು ಗೊಂದಲ ಬಿಡಿಸಬೇಕು. ವಾರ್ಡಿನಲ್ಲಿ ಇನ್‌ಚಾರ್ಜ್ ಸಿಸ್ಟರ್ ಇರುತ್ತಾರೆ, ಸ್ಟಾಫ್ ನರ್ಸ್‌ಗಳು ಇರುತ್ತಾರೆ. ಅವರೆಲ್ಲ ಆಸ್ಪತ್ರೆಯವರು. ಅವರ ಜವಾಬ್ದಾರಿ ರೋಗಿ. ಕ್ಲಿನಿಕಲ್ ಇನ್‌ಸ್ಟ್ರಕ್ಟರ್ ಅಂದರೆ ಕಾಲೇಜಿನಿಂದ ಮಕ್ಕಳ ಜೊತೆ ಬರುವವರು, ನಮ್ಮ ಭಾಷೆಯಲ್ಲಿ ಸಿಐ ಮೇಡಂ. ಅವರು ಎರಡು ದೋಣಿಯಲ್ಲಿ ಕಾಲಿಟ್ಟವರು. ಮಕ್ಕಳು ಕಲಿಯಬೇಕು, ಹಾಗಂತ ರೋಗಿಗೆ ಏನೂ ಆಗಬಾರದು. ಒಬ್ಬ ಟೀಚರ್‌ಗೆ ಹತ್ತು ವಿದ್ಯಾರ್ಥಿಗಳು ಅನ್ನೋದು ಭಾರತೀಯ ನರ್ಸಿಂಗ್ ಪರಿಷತ್ತಿನ ಲೆಕ್ಕ. ಹತ್ತು ಮಕ್ಕಳು ಹತ್ತು ಮಂಚದ ಹತ್ತಿರ ನಿಂತಿರುವಾಗ ಒಬ್ಬರೇ ಹತ್ತೂ ಕಡೆ ಇರೋದು ಹೇಗೆ, ನೀವೇ ಹೇಳಿ. ಬಿಎಸ್‌ಸಿ ನರ್ಸಿಂಗ್ ನಾಲ್ಕು ವರ್ಷ. 2021ರ ಹೊಸ ಪಠ್ಯಕ್ರಮ ಬಂದ ಮೇಲೆ ಎಂಟು ಸೆಮಿಸ್ಟರ್, ಕೊನೆಯದರಲ್ಲಿ ಇಂಟರ್ನ್‌ಶಿಪ್. ಇದರಲ್ಲಿ ದೊಡ್ಡ ಪಾಲು ಕ್ಲಾಸ್‌ರೂಮಿನಲ್ಲಿ ಅಲ್ಲ, ಮಂಚದ ಪಕ್ಕದಲ್ಲೇ ಕಳೆಯುತ್ತದೆ. ಈ ಕರಾವಳಿಯಲ್ಲಿ ಆ ಮಂಚಗಳಿಗೇನೂ ಕೊರತೆ ಇಲ್ಲ. 1848ರಷ್ಟು ಹಳೆಯ ವೆನ್ಲಾಕ್, ಅಲ್ಲೇ ಹತ್ತಿರದ ಲೇಡಿಗೋಶನ್, ಕಂಕನಾಡಿಯಲ್ಲಿ 1880ರಲ್ಲಿ ಶುರುವಾದ ಫಾದರ್ ಮುಲ್ಲರ್, ಆಚೆ ಮಣಿಪಾಲದ ಕಸ್ತೂರ್ಬಾ. ನಡುವೆ ಲೆಕ್ಕಕ್ಕೆ ಸಿಗದಷ್ಟು ಖಾಸಗಿ ಆಸ್ಪತ್ರೆಗಳು.

ಸರಿ, ಒಳ್ಳೆಯ ಸಿಐ ಅಂದರೆ ಯಾರು? ಇದನ್ನು ಅಳೆಯೋಕೆ ಒಂದು ಪಟ್ಟಿಯೇ ಇದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ನಾಕ್ಸ್ ಮತ್ತು ಮೋಗನ್ ಅನ್ನುವ ಇಬ್ಬರು 1985ರಲ್ಲಿ ಅದನ್ನು ಪ್ರಕಟಿಸಿದರು. ಟೀಚರ್‌ನ 48 ನಡವಳಿಕೆಗಳು, ಅವು ಐದು ಬುಟ್ಟಿಯಲ್ಲಿ: ಕಲಿಸುವ ಕಲೆ, ನರ್ಸಿಂಗ್ ಕೆಲಸದ ಹಿಡಿತ, ಮೌಲ್ಯಮಾಪನ, ಮಕ್ಕಳ ಜೊತೆಗಿನ ಸಂಬಂಧ, ಸ್ವಭಾವ. ಆಮೇಲೆ ಎಷ್ಟೋ ದೇಶಗಳಲ್ಲಿ ಇದೇ ಪಟ್ಟಿ ಹಿಡಿದು ವಿದ್ಯಾರ್ಥಿಗಳನ್ನು ಕೇಳಿದ್ದಾರೆ. ಎರಡು ವರ್ಷ ಬಿಟ್ಟು ಅದೇ ಇಬ್ಬರು ಇನ್ನೂ ಮಜವಾದ ಕೆಲಸ ಮಾಡಿದರು. ನೀವು ಕಂಡ ಅತ್ಯುತ್ತಮ ಟೀಚರ್‌ಗೆ ಅಂಕ ಕೊಡಿ, ಅತಿ ಕೆಟ್ಟ ಟೀಚರ್‌ಗೂ ಕೊಡಿ ಅಂತ ಕೇಳಿ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರು. ಇಬ್ಬರ ನಡುವೆ ಎದ್ದು ಕಂಡ ಅಂತರಗಳಲ್ಲಿ ಮುಖ್ಯವಾದದ್ದು, ನೋಡಿ ಕಲಿಯುವಂಥ ನರ್ಸ್ ಆಗಿದ್ದಾರಾ ಇಲ್ಲವಾ ಅನ್ನೋದು.

ಐದೂ ಬುಟ್ಟಿ ಒಂದೊಂದಾಗಿ ಬಿಚ್ಚಿದರೆ ನಿಮಗೆ ನಿದ್ದೆ ಬರುತ್ತದೆ. ಅದರ ಬದಲು ಎರಡು ಬೆಳಗಿನ ಕಥೆ ಹೇಳುತ್ತೇನೆ.

ಎರಡನೇ ವರ್ಷ, ಮೆಡಿಕಲ್ ವಾರ್ಡ್. ಕಿಟಕಿ ಪಕ್ಕದ ಮಂಚದಲ್ಲಿ ಒಬ್ಬರು ಅಜ್ಜಿ, ತಿಂಡಿಗೆ ಮೊದಲು 20 ಯೂನಿಟ್ ಇನ್ಸುಲಿನ್ ಕೊಡಬೇಕು. ನಾನು ಟ್ರೇ ಹಿಡಿದು ಹೋದೆ. ರೋಗಿ ಸರಿ, ಔಷಧಿ ಸರಿ, ಹೊತ್ತು ಸರಿ, ಎಲ್ಲ ಮನಸ್ಸಿನಲ್ಲೇ ಪಟಪಟ ಹೇಳಿಕೊಂಡೆ. ಸಿರಿಂಜಿನ ಮುಚ್ಚಳ ತೆಗೆದೆ. ಕಿತ್ತಳೆ ಬಣ್ಣದ್ದು.

ಇಲ್ಲಿ ಸ್ವಲ್ಪ ನಿಲ್ಲಿ, ಬಣ್ಣದಲ್ಲೇ ವಿಷಯ ಇರೋದು. ನಮ್ಮಲ್ಲಿ ಇನ್ಸುಲಿನ್ ಬಾಟಲಿ ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 40 ಯೂನಿಟ್‌ನದು. 100 ಯೂನಿಟ್‌ನದೂ ಇದೆ. ಹಾಗಾಗಿ ಸಿರಿಂಜೂ ಎರಡು ತರ. 40ಕ್ಕೆ ಕೆಂಪು ಮುಚ್ಚಳ, 100ಕ್ಕೆ ಕಿತ್ತಳೆ. 40ರ ಬಾಟಲಿಯಿಂದ 100ರ ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ ಬರೋದು 0.2 ಮಿಲಿಲೀಟರ್, ಅಂದರೆ ಬರೀ 8 ಯೂನಿಟ್. ಅಜ್ಜಿಯ ಶುಗರ್ ಇಳಿಯೋದಿಲ್ಲ, ಡೋಸ್ ಸಾಲದು ಅಂತ ಡಾಕ್ಟರ್ ಇನ್ನೂ ಏರಿಸಬಹುದು. ಉಲ್ಟಾ ಆದರೆ ಮತ್ತೂ ಅಪಾಯ. 100ರ ಬಾಟಲಿ, 40ರ ಸಿರಿಂಜ್, ಅದೇ 20ರ ಗೆರೆ: ಅರ್ಧ ಮಿಲಿಲೀಟರ್, 50 ಯೂನಿಟ್. ಶುಗರ್ ಪಾತಾಳಕ್ಕೆ ಹೋಗುತ್ತದೆ.

ನನ್ನ ಕೈಯಲ್ಲಿ 40ರ ಬಾಟಲಿ ಇತ್ತು. ಮೇಡಂ ಎಡಗಡೆ ನಿಂತಿದ್ದರು. ಸಿರಿಂಜ್ ಕಿತ್ತುಕೊಳ್ಳಲಿಲ್ಲ. ಅಯ್ಯೋ ಅನ್ನಲಿಲ್ಲ. "ಬಾಟಲಿ ಮೇಲೆ ಏನಿದೆ, ಓದು" ಅಂದರು. "ನಲವತ್ತು ಮೇಡಂ." "ಸಿರಿಂಜ್ ಮೇಲೆ?" ನಾನು "ನೂ" ಅಂದವಳು ಅಲ್ಲೇ ನಿಂತೆ. ಕಿವಿ ಬಿಸಿಯಾಯಿತು. ಮೇಡಂ ಅಜ್ಜಿ ಕಡೆ ತಿರುಗಿ "ಒಂಜಿ ನಿಮಿಷ ಅಜ್ಜಿ" ಅಂದು ನನ್ನನ್ನು ಟ್ರಾಲಿ ಹತ್ತಿರ ಕರೆದುಕೊಂಡು ಹೋದರು. ಕೆಂಪು ಮುಚ್ಚಳದ್ದು ಹುಡುಕಿ ಕೊಟ್ಟರು. ವಾಪಸ್ ಬಂದು ನಾನೇ ಎಳೆದೆ, ಅವರು ಗೆರೆ ನೋಡಿದರು, ನಾನೇ ಕೊಟ್ಟೆ. ಅಜ್ಜಿಗೆ ಏನಾಯಿತು ಅಂತ ಗೊತ್ತೇ ಆಗಲಿಲ್ಲ.

ಆಮೇಲೆ ಡ್ರೆಸಿಂಗ್ ರೂಮಿನಲ್ಲಿ ಮೇಡಂ ಕೇಳಿದ್ದು "ಯಾಕೆ ನೋಡಲಿಲ್ಲ" ಅಂತ ಅಲ್ಲ, "ಆ ಸಿರಿಂಜ್ ಎಲ್ಲಿಂದ ತಗೊಂಡೆ" ಅಂತ. ಡಬ್ಬಿಯಲ್ಲಿ ಎರಡೂ ಬಣ್ಣದವು ಒಟ್ಟಿಗೆ ಬಿದ್ದಿದ್ದವು. ಅವರು ಹೋಗಿ ಇನ್‌ಚಾರ್ಜ್ ಸಿಸ್ಟರ್‌ಗೆ ಹೇಳಿದರು, ಸಂಜೆಯೊಳಗೆ ಡಬ್ಬಿ ಎರಡಾಯಿತು. ತಪ್ಪು ನನ್ನದು ಹೌದು. ಆದರೆ ನನ್ನದು ಮಾತ್ರ ಅಲ್ಲ ಅನ್ನೋದನ್ನು ಅವರು ಎದ್ದು ಹೋಗಿ ತೋರಿಸಿದರು. ಇವತ್ತಿಗೂ ಇನ್ಸುಲಿನ್ ಕೈಗೆ ಬಂದರೆ ನನ್ನ ಬಾಯಿ ತಾನಾಗಿ ಎರಡೂ ನಂಬರ್ ಓದುತ್ತದೆ.

ಇನ್ನೊಂದು ಬೆಳಿಗ್ಗೆ, ಇನ್ನೊಂದು ಪೋಸ್ಟಿಂಗ್, ಬೇರೆ ಮೇಡಂ. ಬಿಪಿ ನೋಡುವಾಗ ತೋಳಿಗೆ ಸುತ್ತುವ ಪಟ್ಟಿ, ಅಂದರೆ ಕಫ್, ನಾನು ಸ್ವಲ್ಪ ಕೆಳಗೆ ಕಟ್ಟಿದ್ದೆ. ಸ್ಟೆತಸ್ಕೋಪ್ ಇಡೋಕೆ ಜಾಗ ಇಲ್ಲ, ಶಬ್ದ ಕೇಳಿಸಲಿಲ್ಲ. "ಇಷ್ಟೂ ಬರಲ್ವಾ? ಹೇಗೆ ಪಾಸಾಗಿ ಬಂದೆ?" ರೋಗಿಯ ಮಗ, ಸೊಸೆ, ಪಕ್ಕದ ಮಂಚದವರು, ಎಲ್ಲರೂ ತಿರುಗಿ ನೋಡಿದರು. ರೋಗಿ ಮೆಲ್ಲಗೆ ಕೈ ಎಳೆದುಕೊಂಡು "ಬೇರೆಯವರು ನೋಡಲಿ" ಅಂದರು. ಅವರದ್ದೇನೂ ತಪ್ಪಿಲ್ಲ. ಟೀಚರೇ ನಂಬದ ಹುಡುಗಿಯನ್ನು ಅವರು ಯಾಕೆ ನಂಬಬೇಕು?

ಆ ಎರಡು ವಾರ ನಾನು ಕಲಿತದ್ದು ಬಿಪಿ ಅಲ್ಲ. ಗುಂಪಿನಲ್ಲಿ ಹಿಂದೆ ನಿಲ್ಲೋದು ಕಲಿತೆ. ಗ್ಲೌಸ್ ನಿಧಾನವಾಗಿ ಹಾಕಿಕೊಂಡರೆ ಅಷ್ಟರಲ್ಲಿ ಬೇರೆ ಯಾರಾದರೂ ಪ್ರೊಸೀಜರ್ ಮಾಡಿ ಮುಗಿಸುತ್ತಾರೆ ಅನ್ನೋದು ಕಲಿತೆ. ಬೆಡ್ ಮಾಡುವ ಕೆಲಸಕ್ಕೆ ಮೊದಲು ಕೈ ಎತ್ತಿದರೆ ಹನ್ನೊಂದು ಗಂಟೆವರೆಗೆ ಬಚಾವ್. ನಮ್ಮ ಗುಂಪಿನಲ್ಲಿ ಒಬ್ಬಳಂತೂ ಉಸಿರಾಟ ಎಣಿಸೋಕೆ ಮರೆತು, ಹೋಗಿ ಹೇಳೋಕೆ ಹೆದರಿ, ಚಾರ್ಟಿನಲ್ಲಿ ನಿಮಿಷಕ್ಕೆ 20 ಅಂತ ಬರೆದುಬಿಟ್ಟಳು. ಒಬ್ಬಳು ಅಂದೆನಲ್ಲ, ಅದು ನಾನೇ.

ಆ ಸುಳ್ಳು 20 ಇದೆಯಲ್ಲ, ಇಡೀ ವಿಷಯದ ಗಂಟು ಇರೋದು ಅದರಲ್ಲೇ. ವಿದ್ಯಾರ್ಥಿಗಳು "ನಮ್ಮನ್ನು ಅವಮಾನ ಮಾಡದ ಟೀಚರ್ ಬೇಕು" ಅಂದಾಗ ದೊಡ್ಡವರು "ಈಗಿನ ಮಕ್ಕಳಿಗೆ ಒಂದು ಮಾತೂ ತಡೆಯಲ್ಲ" ಅಂತಾರೆ. ಆದರೆ ಇದು ಮಕ್ಕಳ ಮನಸ್ಸಿನ ವಿಚಾರ ಮಾತ್ರ ಅಲ್ಲ, ಮಂಚದ ಮೇಲಿರುವವರ ಜೀವದ ವಿಚಾರ. ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕಿ ಏಮಿ ಎಡ್ಮಂಡ್ಸನ್ ಆಸ್ಪತ್ರೆಯ ನರ್ಸಿಂಗ್ ತಂಡಗಳಲ್ಲಿ ಔಷಧಿ ತಪ್ಪುಗಳನ್ನು ಎಣಿಸೋಕೆ ಹೊರಟಿದ್ದರು. ಒಳ್ಳೆಯ ತಂಡದಲ್ಲಿ ತಪ್ಪು ಕಡಿಮೆ ಇರುತ್ತದೆ ಅನ್ನೋದು ಅವರ ನಿರೀಕ್ಷೆ, ಯಾರದ್ದಾದರೂ ಅದೇ ಅಲ್ವಾ. ಲೆಕ್ಕ ಹಾಕಿದರೆ ಉಲ್ಟಾ ಬಂತು: ಚೆನ್ನಾಗಿ ನಡೆಯುವ ತಂಡಗಳಲ್ಲೇ ದಾಖಲಾದ ತಪ್ಪು ಜಾಸ್ತಿ. 1996ರಲ್ಲಿ ಅದನ್ನು ಪ್ರಕಟಿಸಿದಾಗ ಅವರು ಕೊಟ್ಟ ವಿವರಣೆ ಇಷ್ಟು: ಆ ತಂಡಗಳು ಜಾಸ್ತಿ ತಪ್ಪು ಮಾಡುತ್ತಿರಲಿಲ್ಲ, ಮಾಡಿದ್ದನ್ನು ಬಾಯಿಬಿಟ್ಟು ಹೇಳುತ್ತಿದ್ದವು. ಬೇರೆ ಕಡೆ ಮುಚ್ಚಿಡುತ್ತಿದ್ದರು. 1999ರಲ್ಲಿ ಅವರು ಬರೆದ ಮಾನಸಿಕ ಸುರಕ್ಷತೆ ಅನ್ನುವ ವಿಚಾರಕ್ಕೆ ಇದು ದಾರಿಯಾಯಿತು. ಹೆಸರು ಭಾರಿ ಕೇಳಿಸುತ್ತದೆ, ಅರ್ಥ ಸಣ್ಣದು: ತಪ್ಪಾಯಿತು ಅಂತ ಹೇಳಿದರೆ ತಲೆ ಹೋಗೋದಿಲ್ಲ ಅನ್ನುವ ಧೈರ್ಯ.

ಹಾಗಂತ ಮಕ್ಕಳಿಗೆ ಬೇಕಿರೋದು ಮೆತ್ತಗಿನ ಮೇಡಂ ಅಲ್ಲ. ಇದನ್ನು ಜಾಸ್ತಿ ಜನ ತಪ್ಪು ತಿಳಿದಿದ್ದಾರೆ. ನಮ್ಮ ಬ್ಯಾಚ್ ಅತಿ ಹೆಚ್ಚು ಪ್ರೀತಿಸಿದ ಮೇಡಂ ಉಗುರು ಒಂದು ಅಕ್ಕಿಕಾಳಿನಷ್ಟು ಉದ್ದ ಇದ್ದರೂ ವಾರ್ಡಿನೊಳಗೆ ಬಿಡುತ್ತಿರಲಿಲ್ಲ. ಕೇರ್ ಪ್ಲಾನ್ (ರೋಗಿಯ ಆರೈಕೆ ಹೇಗೆ ಅಂತ ನಾವು ಬರೆಯಬೇಕಾದ ಯೋಜನೆ) ಕಾಪಿ ಹೊಡೆದರೆ ಸೀದಾ ಹರಿದು ವಾಪಸ್. ಆದರೆ ಉಗುರಿನ ರೂಲು ಸೋಮವಾರ ಇದ್ದ ಹಾಗೇ ಶನಿವಾರವೂ ಇರುತ್ತಿತ್ತು, ಕ್ಲಾಸಿಗೆ ಫಸ್ಟ್ ಬರುವವಳಿಗೂ ಅದೇ, ನನಗೂ ಅದೇ. ಮಕ್ಕಳು ದ್ವೇಷಿಸೋದು ಜೋರನ್ನಲ್ಲ, ಯಾವಾಗ ಜೋರಾಗುತ್ತಾರೆ ಅಂತ ಗೊತ್ತಾಗದೇ ಇರೋದನ್ನು. ಬೆಳಿಗ್ಗೆ ಮನೆಯಲ್ಲಿ ಏನೋ ಆಗಿ ಬಂದ ಸಿಟ್ಟು ನಮ್ಮ ಇಂಟರ್ನಲ್ ಮಾರ್ಕ್ಸ್ ಮೇಲೆ ಬಿದ್ದರೆ ಯಾರಿಗೆ ಸಹಿಸೋಕಾಗುತ್ತದೆ? ಮೌಲ್ಯಮಾಪನಕ್ಕೆ ಆ ಪಟ್ಟಿಯಲ್ಲಿ ಪ್ರತ್ಯೇಕ ಬುಟ್ಟಿ ಇಟ್ಟದ್ದು ಸುಮ್ಮನೆ ಅಲ್ಲ.

ಅದೇ ಬುಟ್ಟಿಯಲ್ಲಿ ಇನ್ನೊಂದು ಇದೆ, ಮಾಡಿದ ಕೆಲಸ ಹೇಗಿತ್ತು ಅಂತ ಹೇಳೋದು. "ಗುಡ್" ಅಂದರೆ ಏನೂ ಹೇಳಿದ ಹಾಗಲ್ಲ. "ಪರವಾಗಿಲ್ಲ, ಇನ್ನೂ ಇಂಪ್ರೂವ್ ಆಗಬೇಕು" ಅನ್ನೋದು ಅದಕ್ಕಿಂತ ಕಡೆ, ಯಾವುದನ್ನು ಇಂಪ್ರೂವ್ ಮಾಡೋದು? ನನಗೆ ಸಿಕ್ಕ ಒಳ್ಳೆಯ ಮಾತು ಹೀಗಿತ್ತು: "ಸೂಜಿ ನೇರ ಹೋಯಿತು, 90 ಡಿಗ್ರಿ ಸರಿಯಾಗಿತ್ತು. ತೆಗೆಯುವಾಗ ಓರೆ ಮಾಡಿದೆ, ಅದಕ್ಕೇ ಅವರು ಹಾ ಅಂದದ್ದು. ನಾಳೆ ತೆಗೆಯೋದನ್ನು ಮಾತ್ರ ನೋಡಿಕೋ." ನಾಳೆ ನಾನು ತೆಗೆಯೋದನ್ನು ಮಾತ್ರ ನೋಡಿಕೊಂಡೆ. ಅಷ್ಟೇ ಬೇಕಿತ್ತು.

ಇನ್ನು ನೋಡಿ ಕಲಿಯುವ ವಿಚಾರ. ವಿದ್ಯಾರ್ಥಿಗಳ ಕಣ್ಣು ಬಹಳ ಚುರುಕು. ಕೈ ತೊಳೆಯಬೇಕಾದ ಐದು ಸಂದರ್ಭ ಯಾವುವು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದನ್ನು ನಮಗೆ ಮೊದಲ ವರ್ಷವೇ ಬಾಯಿಪಾಠ ಮಾಡಿಸುತ್ತಾರೆ. ವಾರ್ಡಿನಲ್ಲಿ ಅದೇ ಮೇಡಂ ಒಂದು ಮಂಚದಿಂದ ಇನ್ನೊಂದಕ್ಕೆ ಕೈಗೆ ರಬ್ ಹಾಕದೆ ಹೋದರೆ ನಾವು ಯಾರೂ ಬಾಯಿ ಬಿಡೋದಿಲ್ಲ, ಆದರೆ ಹತ್ತೂ ಜನ ನೋಡಿರುತ್ತೇವೆ. ಕ್ಯಾಥೆಟರ್ ಹಾಕುವ ಮೊದಲು ಪರದೆ ಪೂರ್ತಿ ಎಳೆಯುತ್ತಾರಾ, ಒಂದು ಗೇಣು ತೆರೆದು ಬಿಡುತ್ತಾರಾ? ಮುಟ್ಟುವ ಮೊದಲು ಹೇಳುತ್ತಾರಾ, ಮುಟ್ಟಿದ ಮೇಲೆ ಹೇಳುತ್ತಾರಾ? ಸಿಸ್ಟರ್‌ಗಳು ಗಡಿಬಿಡಿಯಲ್ಲಿರುವಾಗ ತಾವೇ ಬೆಡ್‌ಪ್ಯಾನ್ ಎತ್ತುತ್ತಾರಾ? ಬೆಡ್‌ಪ್ಯಾನ್ ಎತ್ತಿದ ಮೇಡಂ ಮಾತಿಗೆ ಸಿಗುವ ತೂಕವೇ ಬೇರೆ.

ಕರಾವಳಿಯಲ್ಲಿ ಒಳ್ಳೆಯ ಸಿಐಗೆ ಬೇಕಾದ ಒಂದು ಗುಣ ಆ ಕೆನಡಾದ ಪಟ್ಟಿ ಬರೆದವರಿಗೆ ಹೊಳೆದಿರಲಿಕ್ಕಿಲ್ಲ: ಭಾಷೆ. ನಮ್ಮ ಒಂದು ವಾರ್ಡಿನಲ್ಲಿ ತುಳು, ಬ್ಯಾರಿ, ಕೊಂಕಣಿ, ಮಲಯಾಳಂ, ಘಟ್ಟದ ಮೇಲಿನಿಂದ ಬಂದವರ ಕನ್ನಡ, ಎಲ್ಲ ಇರುತ್ತದೆ. ಕ್ಲಾಸಿನಲ್ಲಿ ಕೇರಳದ ಮಕ್ಕಳು ತುಂಬಾ ಜನ. ಪುಸ್ತಕ ಇಂಗ್ಲಿಷ್. ನೋವು ಎಲ್ಲಿ, ಎಷ್ಟು ಅಂತ ಕೇಳಿ ಬರೆಯಬೇಕಾದ ಹುಡುಗಿಗೆ ಕೇಳೋಕೇ ಬರದಿದ್ದರೆ ಅವಳು ಏನು ಮಾಡುತ್ತಾಳೆ? ಹಳೆ ಕೇಸ್ ಶೀಟ್ ನೋಡಿ ಕಾಪಿ ಮಾಡುತ್ತಾಳೆ. ನಮ್ಮ ಒಬ್ಬರು ಮೇಡಂ ಪೋಸ್ಟಿಂಗಿನ ಮೊದಲ ದಿನ ಎಲ್ಲರ ಡೈರಿಯ ಹಿಂದಿನ ಪುಟದಲ್ಲಿ ಒಂದಷ್ಟು ತುಳು ಬರೆಸುತ್ತಿದ್ದರು. ಬೇನೆ ಉಂಡಾ, ಅಂದರೆ ನೋವಿದೆಯಾ? ಒಣಸ್ ಆಂಡಾ, ಅಂದರೆ ಊಟ ಆಯಿತಾ? ಕೊಟ್ಟಾಯಂ ಕಡೆಯ ಗೆಳತಿಯೊಬ್ಬಳು "ಒಣಸ್ ಆಂಡಾ" ಅಂತ ರಾಗವಾಗಿ ಕೇಳಿದ್ದಕ್ಕೆ ಎರಡು ದಿನದಿಂದ ಗೋಡೆ ಕಡೆ ಮುಖ ಮಾಡಿ ಮಲಗಿದ್ದ ಅಜ್ಜ ಈ ಕಡೆ ತಿರುಗಿದರು. ಊಟ ಆಗಿರಲಿಲ್ಲ, ನುಂಗುವಾಗ ಗಂಟಲು ನೋಯುತ್ತಿತ್ತು. ಅದು ಅಲ್ಲಿವರೆಗೆ ಯಾವ ಕಾಗದದಲ್ಲೂ ಇರಲಿಲ್ಲ.

ಮತ್ತೊಂದು ಗುಣ ಹೊರಗೆ ಕಾಣೋದೇ ಇಲ್ಲ. ವಾರ್ಡಿನ ಸಿಸ್ಟರ್‌ಗಳ ಜೊತೆ ಚೆನ್ನಾಗಿರೋದು. ವಾರ್ಡ್ ಅವರದ್ದು, ನಾವು ನೆಂಟರು. ನೆಂಟರು ಹತ್ತು ಜನ ಒಟ್ಟಿಗೆ ಅಡುಗೆಮನೆಗೆ ನುಗ್ಗಿದರೆ ಮನೆಯವರಿಗೆ ಹೇಗಾಗಬೇಡ? "ಸಿಸ್ಟರ್, ಇವತ್ತು ಏಳನೇ ಬೆಡ್ಡಿನ ಡ್ರೆಸಿಂಗ್ ನಮ್ಮ ಮಕ್ಕಳು ಮಾಡಲಿ, ನಾನು ಇರುತ್ತೇನೆ" ಅಂತ ಕೇಳಿ ಒಪ್ಪಿಸುವ ಮೇಡಂ ಇದ್ದರೆ ನಮಗೆ ಕೆಲಸ ಸಿಗುತ್ತದೆ. ಇಲ್ಲದಿದ್ದರೆ ಒಂದು ಗಂಟೆವರೆಗೆ ಗೋಡೆಗೆ ಒರಗಿ ನಿಂತು, ಸಂಜೆ ಡೈರಿಯಲ್ಲಿ "ಅಬ್ಸರ್ವ್ಡ್" ಅಂತ ಬರೆಯೋದು.

ಆದರೆ ಪಕ್ಕದಲ್ಲಿ ನಿಲ್ಲೋದು ಎಷ್ಟು ದಿನ? ನರ್ಸ್ ಒಬ್ಬಳು ಪಳಗೋದು ಐದು ಮೆಟ್ಟಿಲಲ್ಲಿ ಅಂತ ಅಮೆರಿಕದ ನರ್ಸಿಂಗ್ ಪ್ರಾಧ್ಯಾಪಕಿ ಪೆಟ್ರೀಶಿಯಾ ಬೆನ್ನರ್ 1984ರಲ್ಲಿ ವಿವರಿಸಿದರು. ಕೆಳಗಿನ ಮೆಟ್ಟಿಲಲ್ಲಿರುವವಳಿಗೆ ರೂಲು ಬೇಕು: ಮೊದಲು ಇದು, ಆಮೇಲೆ ಅದು. ಮೇಲೆ ಹೋದ ಹಾಗೆ ರೂಲಿನ ಹಂಗು ಕಡಿಮೆಯಾಗಿ ರೋಗಿಯನ್ನು ಕಂಡ ಕೂಡಲೇ ಏನೋ ಸರಿ ಇಲ್ಲ ಅಂತ ಹೊಳೆಯೋಕೆ ಶುರುವಾಗುತ್ತದೆ. ಹಾಗಾಗಿ ಮೊದಲ ವರ್ಷಕ್ಕೆ ಚಿನ್ನದಂಥ ಮೇಡಂ ನಾಲ್ಕನೇ ವರ್ಷಕ್ಕೆ ಕಿರಿಕಿರಿ ಅನ್ನಿಸಬಹುದು. ನಮ್ಮ ಕಡೆ ಮಕ್ಕಳಿಗೆ ಈಜು ಕಲಿಸುವಾಗ ಸೊಂಟಕ್ಕೆ ಎರಡು ಒಣ ತೆಂಗಿನಕಾಯಿ ಕಟ್ಟಿ ಕೆರೆಗೆ ಇಳಿಸುತ್ತಿದ್ದರು. ಕೆಲವು ದಿನ ಬಿಟ್ಟು ಒಂದು ಕಾಯಿ ಬಿಚ್ಚುತ್ತಾರೆ, ಆಮೇಲೆ ಇನ್ನೊಂದು. ಬಿಚ್ಚೋಕೆ ಮರೆತರೆ ಹುಡುಗ ಆಯುಷ್ಯಪೂರ್ತಿ ತೇಲುತ್ತಾನೆ, ಈಜೋದಿಲ್ಲ. ಇಂಟರ್ನ್‌ಶಿಪ್‌ನಲ್ಲಿ ನಮ್ಮ ಮೇಡಂ ಬಾಗಿಲ ಹತ್ತಿರ ಸ್ಟೂಲ್ ಹಾಕಿ ಕೂರುತ್ತಿದ್ದರು. ಕರೆದರೆ ಬರುತ್ತಿದ್ದರು, ಇಲ್ಲದಿದ್ದರೆ ಇಲ್ಲ. ಆ ದೂರ ಅವರಿಗೆ ಎಷ್ಟು ಕಷ್ಟ ಇತ್ತು ಅಂತ ನನಗೆ ಅರ್ಥವಾದದ್ದು ಈಗ, ಹೊಸಬರು ನನ್ನ ರೋಗಿಗೆ ಕ್ಯಾನುಲಾ ಹಾಕುವಾಗ ನನ್ನ ಕೈ ತಾನಾಗಿ ಮುಂದೆ ಹೋಗುತ್ತದಲ್ಲ, ಅದನ್ನು ಕಂಡ ಮೇಲೆ.

ಸಿಐಗಳ ಪಾಡನ್ನೂ ಹೇಳದಿದ್ದರೆ ಅನ್ಯಾಯ. ಜಾಸ್ತಿ ಜನ ಚಿಕ್ಕ ವಯಸ್ಸಿನವರು, ನಿನ್ನೆ ಮೊನ್ನೆ ತಾವೇ ವಿದ್ಯಾರ್ಥಿಯಾಗಿದ್ದವರು. ಕಾಲೇಜಿನಲ್ಲಿ ಫೈಲು, ಇನ್‌ಸ್ಪೆಕ್ಷನ್, ಕಾರ್ಯಕ್ರಮಕ್ಕೆ ರಂಗೋಲಿ, ಎಲ್ಲ ಅವರ ತಲೆಗೇ. ಕಲಿಸೋದು ಹೇಗೆ ಅಂತ ವಾರ್ಡಿನಲ್ಲಿ ಅವರ ಪಕ್ಕ ನಿಂತು ಹೇಳಿಕೊಟ್ಟವರು ಬಹಳ ಕಡಿಮೆ. ತಾವು ಕಂಡ ಬೈಗುಳವನ್ನೇ ದಾಟಿಸಿದರೆ ಆಶ್ಚರ್ಯ ಏನು?

ಇನ್ನು, ಮೇಡಂ ಬಗ್ಗೆ ಮಕ್ಕಳ ಅಭಿಪ್ರಾಯ ಕೇಳೋದು ಯಾವಾಗ? ಸೆಮಿಸ್ಟರ್ ಮುಗಿದ ಮೇಲೆ, ಫಾರ್ಮ್ ತುಂಬಿಸಿ. ಅದರಿಂದ ತುಂಬಿದವರಿಗೆ ಏನೂ ಲಾಭ ಇಲ್ಲ. ಮೂರನೇ ವರ್ಷದಲ್ಲಿ ಮಾತ್ರ ಒಬ್ಬರು ಪೋಸ್ಟಿಂಗಿನ ಎರಡನೇ ವಾರವೇ ಎಲ್ಲರಿಗೂ ಚೀಟಿ ಕೊಟ್ಟರು. ಹೆಸರು ಬೇಡ, ನಾನು ಬದಲಿಸಬೇಕಾದ ಒಂದೇ ಒಂದು ವಿಷಯ ಬರೆಯಿರಿ ಅಂದರು. ನಾವು ಬೈಗುಳದ ಬಗ್ಗೆ ಬರೆಯುತ್ತೇವೆ ಅಂತ ಅಂದುಕೊಂಡಿದ್ದರೋ ಏನೋ. ನಾಲ್ಕೈದು ಚೀಟಿಯಲ್ಲಿ ಒಂದೇ ಮಾತು ಬಂದಿತ್ತು: ಪ್ರಶ್ನೆ ಕೇಳಿದ ಮೇಲೆ ಯೋಚಿಸೋಕೆ ಟೈಮ್ ಕೊಡಿ ಮೇಡಂ.

ಇದು ನಮ್ಮ ಮೇಡಂ ಒಬ್ಬರದ್ದೇ ಕಥೆ ಅಲ್ಲ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಎಪ್ಪತ್ತರ ದಶಕದಲ್ಲಿ ಶಾಲೆಗಳ ಪಾಠ ಟೇಪ್ ಮಾಡಿ ಅಳೆದಾಗ ಟೀಚರ್‌ಗಳು ಪ್ರಶ್ನೆ ಕೇಳಿ ಕಾಯುತ್ತಿದ್ದದ್ದು ಸುಮಾರು ಒಂದೇ ಸೆಕೆಂಡ್. ಅದನ್ನು ಮೂರಕ್ಕೆ ಏರಿಸಿದರೆ ಉತ್ತರ ಉದ್ದವಾಗುತ್ತಿತ್ತು, ಗೊತ್ತಿಲ್ಲ ಅನ್ನೋದು ಕಡಿಮೆಯಾಗುತ್ತಿತ್ತು. ಮೇಡಂ ಚೀಟಿಗಳನ್ನು ಓದಿ ಪರ್ಸಿಗೆ ಹಾಕಿಕೊಂಡರು, ಏನೂ ಹೇಳಲಿಲ್ಲ. ಮರುದಿನ ರೌಂಡ್ಸ್‌ನಲ್ಲಿ ಪೊಟ್ಯಾಶಿಯಂ ಬಗ್ಗೆ ಏನೋ ಕೇಳಿದರು, ಕೇಳಿ ಸುಮ್ಮನೆ ನಿಂತರು. ಎರಡೂ ಕೈ ಬೆನ್ನ ಹಿಂದೆ. ನಾನು ಅವತ್ತು ಹಿಂದೆ ನಿಂತಿದ್ದೆ, ಅಭ್ಯಾಸ ಬಲ. ಅವರು ಬೆರಳು ಮಡಚುತ್ತಿದ್ದದ್ದು ಕಾಣುತ್ತಿತ್ತು. ಒಂದು, ಎರಡು, ಮೂರು, ನಾಲ್ಕು. ಐದನೇ ಬೆರಳಿಗೆ ನಮ್ಮಲ್ಲೇ ಒಬ್ಬಳು ಉತ್ತರ ಹೇಳಿದಳು.